ಕಿವಿಗೆ ಬೀಳದ ಕೂಗನ್ನು ಹಿಡಿದ ಇಲಿಯಕ್ಕ

ಬೆಳಗಿನ ಐದೂ ಮುಕ್ಕಾಲು. ಮಿದುಳು ಸಂಶೋಧನಾ ಸಂಸ್ಥೆಯ ಮುಂಭಾಗದ ಗಾಜಿನ ಕಟ್ಟಡ ಇನ್ನೂ ಕಣ್ಣು ಬಿಟ್ಟಿಲ್ಲ. ಹಿಂಭಾಗದ ತಗ್ಗು ಛಾವಣಿಯ ಕಟ್ಟಡದಲ್ಲಿ ಮಾತ್ರ ನಲ್ಲಿಯ ನೀರು ಸುರಿಯುತ್ತಿದೆ. ಐವತ್ತಮೂರು ವರ್ಷದ ಹೆಂಗಸೊಬ್ಬರು ಚಪ್ಪಲಿ ಹೊರಗೆ ಬಿಟ್ಟು, ರಬ್ಬರ್ ಬೂಟಿಗೆ ಕಾಲು ತೂರಿಸಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ತಲೆಗೆ ಟೋಪಿ ಬಿಗಿದು, ನಾಲ್ಕನೇ ಕೋಣೆಯ ಮುಂದೆ ನಿಲ್ಲುತ್ತಾರೆ. ಬೀಗ ತೆಗೆಯುವ ಮೊದಲು ಬೆರಳ ಗೆಣ್ಣಿನಿಂದ ಬಾಗಿಲಿಗೆ ಎರಡು ಸಲ ಮೆಲ್ಲಗೆ ತಟ್ಟುತ್ತಾರೆ.

ಒಳಗಿರುವುದು ಇಲಿಗಳು. ಅವುಗಳ ಅಪ್ಪಣೆ ಯಾಕೆ ಎಂದು ಕೇಳಿದರೆ ಅವರಿಗೆ ನಗು. "ಹೇಳದೆ ಕೇಳದೆ ಒಳಗೆ ನುಗ್ಗಿದ್ರೆ ನಿಮಗಾದ್ರೂ ಎದೆ ಧಸಕ್ ಅನ್ನಲ್ವಾ? ಅವಕ್ಕೂ ಅಷ್ಟೆ."

ಸಂಸ್ಥೆಯಲ್ಲಿ ಎಲ್ಲರೂ ಇವರನ್ನು ಕರೆಯುವುದು ಇಲಿಯಕ್ಕ ಎಂದೇ. ನೂರ ಎಂಬತ್ತನಾಲ್ಕು ಪಂಜರ, ಪಂಜರಕ್ಕೆರಡರಂತೆ ಮುನ್ನೂರ ಅರವತ್ತೆಂಟು ಬಿಳಿ ಇಲಿ. ದಿನವೂ ಅಷ್ಟೂ ನೀರಿನ ಬಾಟಲಿ ತೊಳೆದು ತುಂಬಬೇಕು. ನಲವತ್ತಾರು ಪಂಜರದ ಮರದ ಹೊಟ್ಟು ಬದಲಿಸಬೇಕು. ನಾಲ್ಕು ದಿನಕ್ಕೆ ಒಂದು ಸುತ್ತು ಮುಗಿದು, ಐದನೇ ದಿನ ಮತ್ತೆ ಮೊದಲಿಂದ. ತಿನಿಸಿನ ಬಿಲ್ಲೆ ಹಾಕುವಾಗ ಎಷ್ಟು ಉಳಿದಿದೆ ಎಂದು ನೋಡಬೇಕು, ವಾರಕ್ಕೊಮ್ಮೆ ಒಂದೊಂದನ್ನೂ ತಕ್ಕಡಿಗೆ ಹಾಕಬೇಕು. ಇಲಿಯಕ್ಕ ಇಪ್ಪತ್ತೊಂದು ವರ್ಷದಿಂದ ಈ ಕೆಲಸ ಮಾಡುತ್ತಿದ್ದಾರೆ. ಬಾಟಲಿ ತೊಳೆಯಲು ಬಂದವರು ಇಲಿಯ ಬಾಲ ನೋಡಿ ಅದರ ಪ್ರಾಯ ಹೇಳುವಷ್ಟು ಬೆಳೆದಿದ್ದಾರೆ. ಹೆಸರು ಮಾತ್ರ ಒಂದಕ್ಕೂ ಇಟ್ಟಿಲ್ಲ.

"ಹೆಸರಿಟ್ರೆ ಕೈ ನಡುಗುತ್ತೆ," ಎನ್ನುತ್ತಾರೆ. ಯಾಕೆಂದರೆ ಸಾಲಿನ ಕೊನೆಯ ಕೋಣೆಗೆ ಪಂಜರ ಹೊತ್ತು ಒಪ್ಪಿಸುವವರೂ ಅವರೇ. ಅಲ್ಲಿಗೆ ಹೋದ ಇಲಿ ಹಿಂದಿರುಗುವುದಿಲ್ಲ. ಅದರ ಮಿದುಳಿನಲ್ಲಿ ಏನಿತ್ತು, ಎಷ್ಟಿತ್ತು ಎಂಬುದು ಮಾತ್ರ ಕಾಗದದ ಮೇಲೆ ಹಿಂದಿರುಗುತ್ತದೆ.

ಆ ಕಾಗದವೇ ಎರಡು ವರ್ಷದ ಹಿಂದೆ ಇವರ ಕೊರಳಿಗೆ ಸುತ್ತಿಕೊಂಡದ್ದು.

ಇಲ್ಲಿ ನಡೆಯುತ್ತಿರುವ ಸಂಶೋಧನೆಯನ್ನು ಇಲಿಯಕ್ಕ ವಿವರಿಸುವ ರೀತಿಯೇ ಬೇರೆ. ನಮ್ಮ ಮಿದುಳಿನಲ್ಲಿ ನರಗಳನ್ನು ಪೊರೆಯುವ ಪ್ರೋಟೀನುಗಳಿವೆ. ನರಕೋಶ ಬದುಕಿರಲು, ಹೊಸ ಕವಲೊಡೆಯಲು, ಕಲಿತದ್ದನ್ನು ಹಿಡಿದಿಟ್ಟುಕೊಳ್ಳಲು ಅವು ಬೇಕು. ವಿಜ್ಞಾನಿಗಳು ಅವುಗಳಲ್ಲಿ ಮುಖ್ಯವಾದೊಂದನ್ನು ಬಿಡಿಎನ್‌ಎಫ್ ಎನ್ನುತ್ತಾರೆ. ಇಲಿಯಕ್ಕ ಅದನ್ನು 'ಗೊಬ್ಬರ' ಎನ್ನುತ್ತಾರೆ. "ಗಿಡದ ಬುಡಕ್ಕೆ ಗೊಬ್ಬರ ಬಿದ್ದ ಹಾಗೆ ಅದು. ದಿನಾ ದಿನಾ ಹೆದರಿಕೆ, ಒತ್ತಡ ಇದ್ರೆ ಗೊಬ್ಬರ ಕಡಿಮೆ ಆಗುತ್ತಂತೆ. ನೆನಪು ಕೂರೋ ಜಾಗದಲ್ಲೇ ಮೊದಲು ಕಡಿಮೆ ಆಗೋದಂತೆ."

ಎಷ್ಟು ಕಡಿಮೆಯಾಗುತ್ತದೆ, ಯಾವಾಗ ಕಡಿಮೆಯಾಗುತ್ತದೆ ಎಂದು ಅಳೆಯುವುದು ಸಂಸ್ಥೆಯ ಹಿರಿಯ ವಿಜ್ಞಾನಿಯ ಕೆಲಸ. ಅವರು ಎಲ್ಲರ ಬಾಯಲ್ಲಿ ದೊಡ್ಡ ಮೇಡಂ. ಅವರ ಪ್ರಯೋಗ ಸರಳ. ಒಂದು ತಂಡಕ್ಕೆ ನಲವತ್ತೆಂಟು ಇಲಿ. ಅರ್ಧದಷ್ಟನ್ನು ದಿನಕ್ಕೆ ಆರು ಗಂಟೆ, ಮೂರು ವಾರ, ಮಿಸುಕಾಡಲಾಗದ ಕೊಳವೆಯಲ್ಲಿ ಕೂರಿಸುವುದು. ಉಳಿದ ಅರ್ಧವನ್ನು ನಾಲ್ಕನೇ ಕೋಣೆಯಲ್ಲಿ ನೆಮ್ಮದಿಯಾಗಿ ಬಿಡುವುದು. ಕೊನೆಗೆ ಎರಡರ ಮಿದುಳನ್ನೂ ಹೋಲಿಸುವುದು. ಮೊದಲ ತಂಡದಲ್ಲಿ ಎಣಿಸಿದ ಹಾಗೇ ಆಯಿತು: ಕೊಳವೆಯ ಇಲಿಗಳಲ್ಲಿ ಪ್ರೋಟೀನು ಕುಸಿದಿತ್ತು, ನೆಮ್ಮದಿಯ ಇಲಿಗಳಲ್ಲಿ ತುಂಬಿಕೊಂಡಿತ್ತು. ಎರಡನೇ ತಂಡದ ಫಲಿತಾಂಶ ಬಂದಾಗ ಮೇಡಂ ಎರಡೆರಡು ಸಲ ಕನ್ನಡಕ ಒರೆಸಿಕೊಂಡರು. ನೆಮ್ಮದಿಯ ಇಲಿಗಳಲ್ಲೂ ಪ್ರೋಟೀನು ನೆಲಕಚ್ಚಿತ್ತು. ಮೂರನೇ ತಂಡದಲ್ಲೂ ಅದೇ ಕಥೆ. ಕೊಳವೆಯಲ್ಲಿ ಒದ್ದಾಡಿದ ಇಲಿಗೂ ಹಾಯಾಗಿ ತಿಂದು ಮಲಗಿದ ಇಲಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ!

ರಾಸಾಯನಿಕ ಬದಲಿಸಿ ನೋಡಿದರು. ಯಂತ್ರ ಬದಲಿಸಿ ನೋಡಿದರು. ಬದಲಾಗದೆ ಉಳಿದದ್ದು ಪಂಜರ ನೋಡಿಕೊಳ್ಳುವ ಕೈ ಒಂದೇ.

ಒಂದು ಮಧ್ಯಾಹ್ನ ಇಲಿಯಕ್ಕನಿಗೆ ಮುಂದಿನ ಕಟ್ಟಡದಿಂದ ಕರೆ ಬಂತು. ಹತ್ತೊಂಬತ್ತು ವರ್ಷದಲ್ಲಿ ಅವರು ಆ ಸಭಾಕೋಣೆಗೆ ಕಾಲಿಟ್ಟಿರಲಿಲ್ಲ. ಮೇಜಿನ ಆಚೆ ಐದು ಜನ, ಈಚೆ ಒಂದು ಖಾಲಿ ಕುರ್ಚಿ. ಬಡ್ತಿ ಇರಬೇಕು ಎಂದುಕೊಂಡೇ ಕುಳಿತರಂತೆ.

"ನೀವು ಪಂಜರಗಳನ್ನ ಅದಲುಬದಲು ಮಾಡಿದ್ರಾ?" ಆಡಳಿತಾಧಿಕಾರಿ ನೇರವಾಗಿ ಕೇಳಿದರು.

"ಇಲ್ಲ ಸರ್."

"ಗೊತ್ತಿಲ್ಲದೆ ಆಗಿರಬಹುದಲ್ಲ? ವಯಸ್ಸಾಯ್ತು, ಮರೆವು ಸಹಜ."

ಇಲಿಯಕ್ಕ ದೊಡ್ಡ ಮೇಡಂ ಕಡೆ ನೋಡಿದರು. ಮೇಡಂ ಕಾಗದ ನೋಡುತ್ತಿದ್ದರು. ಮೂರು ದಿನದೊಳಗೆ ಲಿಖಿತ ಉತ್ತರ ಕೊಡಬೇಕು, ಅಲ್ಲಿಯವರೆಗೆ ನಾಲ್ಕನೇ ಕೋಣೆಯ ಬೀಗದ ಕೈ ಒಪ್ಪಿಸಬೇಕು ಎಂಬ ಒಂದು ಹಾಳೆ ಕೈಗೆ ಬಂತು.

ಆ ದಿನ ನೆನೆಯುತ್ತಾ ಅವರು ಇನ್ನೊಂದು ಬಾಟಲಿ ನಲ್ಲಿಗೆ ಹಿಡಿಯುತ್ತಾರೆ. "ಬೈದಿದ್ರೆ ಬೈಸ್ಕೊಳ್ತಿದ್ದೆ. ಮರೆವು ಅಂದ್ರಲ್ಲ, ಅದು ಚುಚ್ಚಿತು. ಯಾಕಂದ್ರೆ ನನಗೆ ಮರೆವು ಬಂದಿದ್ದ ಕಾಲವೂ ಒಂದಿತ್ತು."

ಆ ಕಾಲ ಬೇರೆ. ಗಂಡ ವೆಲ್ಡಿಂಗ್ ಕೆಲಸದವರು. ಕಟ್ಟಡದ ಅಟ್ಟಣಿಗೆಯಿಂದ ಬಿದ್ದು ಬೆನ್ನುಮೂಳೆ ಮುರಿದು ನಾಲ್ಕು ವರ್ಷ ಹಾಸಿಗೆಯಲ್ಲಿದ್ದರು. ಮಕ್ಕಳಿಲ್ಲ. ಮನೆಯಲ್ಲಿ ಅತ್ತೆ, ಸೊಸೆ, ಮಲಗಿದಲ್ಲೇ ಇದ್ದ ಮಗ. ಆ ನಾಲ್ಕು ವರ್ಷದಲ್ಲಿ ಇಲಿಯಕ್ಕ ಒಲೆ ಹಚ್ಚಿ ಪಾತ್ರೆ ಇಡಲು ಮರೆತದ್ದುಂಟು. ದಿನಾ ಹತ್ತುವ ಬಸ್ಸಿನ ನಂಬರ್ ನೆನಪಾಗದೆ ನಿಲ್ದಾಣದಲ್ಲಿ ಮುಕ್ಕಾಲು ಗಂಟೆ ನಿಂತದ್ದುಂಟು. ನೆನಪಿನ ಮೇಲೆ ಭರವಸೆ ಹೋದ ಮೇಲೆಯೇ ಅವರು ಒಂದು ನೋಟ್‌ಬುಕ್ ಇಟ್ಟುಕೊಂಡದ್ದು. ಯಾವ ಪಂಜರ, ಯಾವ ಇಲಿ, ಏನು ತಿಂದಿತು, ಹೇಗೆ ಮಲಗಿತ್ತು, ಎಲ್ಲವನ್ನೂ ಅಂದಂದೇ ಬರೆಯುವುದು. ಗಂಡ ತೀರಿಕೊಂಡರು, ಅತ್ತೆ ತಮ್ಮ ಮಗಳ ಮನೆಗೆ ಹೋಗದೆ ಸೊಸೆಯ ಜೊತೆಗೇ ಉಳಿದರು. ಬರೆಯುವ ಅಭ್ಯಾಸವೂ ಉಳಿಯಿತು.

ಬೀಗದ ಕೈ ಒಪ್ಪಿಸಿ ಬಂದ ಸಂಜೆ ಅತ್ತೆ ಬಾಗಿಲಲ್ಲೇ ಕುಳಿತಿದ್ದರು. ಎಂಬತ್ತರ ಹತ್ತಿರದ ಜೀವ, ಕಿವಿ ಮಂದ, ನಾಲಿಗೆ ಚುರುಕು.

"ಬಂದ್ಯಾ ತಾಯಿ? ನಿನ್ನ ಮೈಯ ವಾಸನೆಗೆ ಓಣಿ ಬೆಕ್ಕೆಲ್ಲ ಇಲ್ಲೇ ಸಾಲಾಗಿ ಕೂತಿವೆ. ಒಂದು ದಿನ ನಿನ್ನನ್ನೇ ಹೊತ್ಕೊಂಡು ಹೋಗ್ತವೆ ನೋಡು."

ದಿನಾ ನಗುವ ಸೊಸೆ ಅಂದು ನಗಲಿಲ್ಲ. ಅತ್ತೆಯ ಮುಖ ಬದಲಾಯಿತು. "ಏನಾಯ್ತೇ?"

ಹಾಳೆ ಓದಿ ಹೇಳಿದರು. ಮುದುಕಿಗೆ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಕಿವಿಯ ಯಂತ್ರದ ಗುಂಡಿ ತಿರುವಿ ತಿರುವಿ ಜೋರು ಮಾಡಿಕೊಂಡರು. ಯಂತ್ರ ಕುಂಯ್ಯೆಂದು ಸಿಳ್ಳೆ ಹಾಕತೊಡಗಿತು.

"ಅತ್ತೆ, ನಿಮ್ಮ ಮಿಷನ್ ಕೂಗ್ತಿದೆ. ಸ್ವಲ್ಪ ಕಡಿಮೆ ಮಾಡಿ, ತಲೆ ಸಿಡಿಯುತ್ತೆ."

"ಎಲ್ಲಿ ಕೂಗ್ತಿದೆ? ನನ್ನ ಕಿವಿಯಲ್ಲೇ ಇರೋದು, ನನಗೇ ಕೇಳಿಸ್ತಿಲ್ಲ. ನಿನಗೆ ಹೆಂಗೆ ಕೇಳಿಸ್ತೇ?"

ಇಲಿಯಕ್ಕ ಎದ್ದು, ಕಪಾಟಿನಿಂದ ನೋಟ್‌ಬುಕ್ಕುಗಳನ್ನೆಲ್ಲ ತೆಗೆದು ನೆಲದ ಮೇಲೆ ಹರಡಿದರು.

ಮೊದಲ ತಂಡದ ಪುಟಗಳಲ್ಲಿ ವಿಶೇಷವೇನಿರಲಿಲ್ಲ. ಎರಡನೇ ತಂಡ ಬಂದ ವಾರದಿಂದ ಒಂದೇ ಮಾತು ಮತ್ತೆ ಮತ್ತೆ ಬಂದಿತ್ತು: 'ಕಣ್ಣು ಕೆಂಪು.' ಇಲಿ ಬಹಳ ದಿನ ಹೆದರಿಕೊಂಡಿದ್ದರೆ ಅದರ ಕಣ್ಣಂಚಿನಲ್ಲಿ ಕೆಂಪು ದ್ರವ ಒಸರುತ್ತದೆ. ನೋಡಲು ರಕ್ತದಂತೆ, ಆದರೆ ರಕ್ತವಲ್ಲ. ಕೊಳವೆಯ ಇಲಿಗಳಲ್ಲಿ ಅದು ದಿನನಿತ್ಯದ ಮಾತು. ನೆಮ್ಮದಿಯ ಕೋಣೆಯಲ್ಲಿ ಯಾಕೆ? ಆಗಲೇ ಇಲಿಯಕ್ಕ ಸಂಸ್ಥೆಯ ರಿಜಿಸ್ಟರಿನಲ್ಲೂ ಬರೆದಿದ್ದರು. 'ಧೂಳಿರಬಹುದು, ಹೊಟ್ಟು ಬದಲಿಸಿ' ಎಂದು ಪಶುವೈದ್ಯರು ಅದರ ಮುಂದೆ ಗೀಚಿದ್ದರು. ಹೊಟ್ಟು ಬದಲಿಸಿದರು. ಕಣ್ಣು ಕೆಂಪಾಗಿಯೇ ಇತ್ತು. ಮುಂದೆ ಯಾರೂ ಕೇಳಲಿಲ್ಲ.

ಇನ್ನೊಂದು ಸಾಲು: 'ಎಲ್ಲಾ ಗೂಡು ಗೋಡೆ ಕಡೆ. ಬಾಗಿಲ ಕಡೆ ಒಂದೂ ಮಲಗಲ್ಲ.' ಮತ್ತೊಂದು ಪುಟದಲ್ಲಿ, ವೈರಿಂಗ್ ರಿಪೇರಿಗೆಂದು ಹಗಲಿಡೀ ಕರೆಂಟು ತೆಗೆದಿದ್ದ ದಿನ: 'ಇವತ್ತು ಎಲ್ಲಾ ಆಟ. ಬಾಗಿಲ ಕಡೆಗೂ ಬಂದ್ವು. ಏನಾಯ್ತೋ.'

ಏನಾಯಿತು ಎಂಬುದಕ್ಕೆ ಉತ್ತರ ಒಂದು ವರ್ಷ ತಡವಾಗಿ, ಮುದುಕಿಯ ಕಿವಿಯ ಸಿಳ್ಳೆಯಲ್ಲಿ ಸಿಕ್ಕಿತ್ತು. ನಾಲ್ಕನೇ ಕೋಣೆಯ ಬಾಗಿಲ ಮೇಲೆ ಎರಡನೇ ತಂಡ ಬರುವ ಮುಂಚೆ ಒಂದು ಬಿಳಿ ಡಬ್ಬಿ ಕೂರಿಸಿದ್ದರು. ಜನ ಒಳಗೆ ಕಾಲಿಟ್ಟರೆ ಕೆಲಸದ ದೀಪ ತಾನೇ ಹತ್ತಬೇಕು, ಹೊರಗೆ ಹೋದರೆ ತಾನೇ ಆರಬೇಕು, ವಿದ್ಯುತ್ ಉಳಿತಾಯಕ್ಕೆ. ಕರೆಂಟು ತೆಗೆದ ಆ ದಿನ ಮಾತ್ರ ಅದೂ ಕೆಲಸ ನಿಲ್ಲಿಸಿತ್ತು.

ಮಾರನೇ ಬೆಳಿಗ್ಗೆ ಇಲಿಯಕ್ಕ ಉತ್ತರ ಬರೆಯಲಿಲ್ಲ. ನೋಟ್‌ಬುಕ್ಕುಗಳನ್ನು ಚೀಲಕ್ಕೆ ತುಂಬಿ ದೊಡ್ಡ ಮೇಡಂ ಕೋಣೆಯ ಬಾಗಿಲಿಗೆ ಹೋದರು.

"ಮೇಡಂ, ಇಲಿಗಳ ಮಾತು ಹಿಡಿಯೋ ಮಿಷನ್ ಇದೆಯಲ್ಲ, ನಮಗೆ ಕೇಳಿಸದೇ ಇರೋ ಕೀಚಲು ಹಿಡಿಯುತ್ತಲ್ಲ, ಅದನ್ನ ಒಂದು ಸಲ ನಾಲ್ಕನೇ ಕೋಣೆಗೆ ತನ್ನಿ."

"ಯಾಕಕ್ಕಾ?"

"ಅಲ್ಲಿ ಏನೋ ಕೂಗ್ತಿದೆ."

"ನಿಮಗೆ ಕೇಳಿಸ್ತಾ?"

"ಇಲ್ಲ. ಅವಕ್ಕೆ ಕೇಳಿಸ್ತಿದೆ."

ಮೇಡಂ ಬೇಸರದಿಂದಲೇ ಎದ್ದರಂತೆ. ಪುಟ ತಿರುವುತ್ತಾ ನಡೆದವರು ಹಜಾರದ ಅರ್ಧದಲ್ಲಿ ನಿಂತು, ಮತ್ತೆ ಮೊದಲ ಪುಟದಿಂದ ಓದಿದರು. ಆಮೇಲೆ ಅವರ ಹೆಜ್ಜೆ ಬಿರುಸಾಯಿತು. ವಿದ್ಯುತ್ ವಿಭಾಗದ ಮೇಲ್ವಿಚಾರಕರನ್ನೂ ಕರೆಸಿದರು.

ಕೋಣೆಯಲ್ಲಿ ನಿಶ್ಶಬ್ದ. ಇಲಿಗಳು ಹೊಟ್ಟು ಸರಿಸುವ ಸದ್ದಿನ ಹೊರತು ಇನ್ನೇನೂ ಇಲ್ಲ. ಮೇಡಂ ಯಂತ್ರ ಹಚ್ಚಿದರು. ಖಾಲಿಯಿರಬೇಕಿದ್ದ ಪರದೆಯ ಮೇಲೆ ಅಡ್ಡಲಾಗಿ ದಪ್ಪನೆಯ ಒಂದು ಪಟ್ಟಿ ಮೂಡಿತು. ಅಲುಗಾಡದ, ಉಸಿರು ತೆಗೆದುಕೊಳ್ಳದ ಪಟ್ಟಿ. ಯಂತ್ರವನ್ನು ಬಾಗಿಲ ಕಡೆ ಒಯ್ದಂತೆ ಪಟ್ಟಿ ಮತ್ತಷ್ಟು ದಪ್ಪವಾಯಿತು. ಮೇಲ್ವಿಚಾರಕರು ಏಣಿ ಹತ್ತಿ ಬಿಳಿ ಡಬ್ಬಿಯ ತಂತಿ ಎಳೆದರು.

ಪರದೆ ಖಾಲಿಯಾಯಿತು.

"ಮತ್ತೆ ಹಾಕಿ," ಎಂದರು ಮೇಡಂ. ಹಾಕಿದರು. ಪಟ್ಟಿ ಬಂತು. "ತೆಗೀರಿ." ಹೋಯಿತು. ಮೂರು ಸಲ, ನಾಲ್ಕು ಸಲ. ಐದನೇ ಸಲಕ್ಕೆ ಮೇಡಂ ಕೂರಲು ಜಾಗ ಹುಡುಕಿದರು. ತಿನಿಸಿನ ಡಬ್ಬ ಬೋರಲು ಹಾಕಿದ್ದು ಅಲ್ಲೇ ಇತ್ತು. ಅದರ ಮೇಲೆ ಕುಸಿದು ಕುಳಿತರು.

ಮನುಷ್ಯರ ಕಿವಿಗೆ ನಿಲುಕದ ಎತ್ತರದ ಶಬ್ದ ಹೊಮ್ಮಿಸಿ, ಅದು ತಿರುಗಿ ಬರುವ ಬಗೆಯಿಂದ ಜನರ ಓಡಾಟ ಪತ್ತೆ ಮಾಡುವ ಡಬ್ಬಿ ಅದು. ಮನುಷ್ಯರಿಗೆ ಏನೂ ಅಲ್ಲ. ಇಲಿಯ ಕಿವಿಗೆ ಅದು ತಲೆಯ ಪಕ್ಕದಲ್ಲೇ ನಿಂತು ಕಿರುಚಿದ ಹಾಗೆ. ಹಗಲು, ಇರುಳು, ನಿದ್ದೆಯಲ್ಲಿ, ಊಟದಲ್ಲಿ, ಹದಿನಾಲ್ಕು ತಿಂಗಳು. ನೆಮ್ಮದಿಯ ಕೋಣೆ ಎಂದು ಹೆಸರು ಹೊತ್ತ ಕೋಣೆ ಕಟ್ಟಡದಲ್ಲೇ ಅತಿ ದೊಡ್ಡ ಗದ್ದಲದ ಕೋಣೆಯಾಗಿತ್ತು. ಅದರೊಳಗೆ ನಿಂತು ವಿಜ್ಞಾನಿಗಳು ಪಿಸುಮಾತಿನಲ್ಲಿ ಮಾತಾಡುತ್ತಿದ್ದರು, ಇಲಿಗಳಿಗೆ ತೊಂದರೆಯಾಗಬಾರದೆಂದು!

"ಪ್ರಾಣಿಗಳಿರೋ ಕಡೆ ಹಾಕಬೇಡಿ ಅಂತ ಕೈಪಿಡಿಯ ಮೂರನೇ ಪುಟದಲ್ಲೇ ಬರೆದಿದೆ ಮೇಡಂ," ಎಂದರಂತೆ ಮೇಲ್ವಿಚಾರಕರು ಏಣಿಯ ಮೇಲಿಂದಲೇ. "ನಾನು ಎರಡನೇ ಪುಟದ ತನಕ ಓದಿದ್ದೆ. ಇಂಥದ್ದೇ ಇನ್ನೂ ಹತ್ತು ಬಾಗಿಲಿಗೆ ಹಾಕಿದ್ದೀನಿ."

ಹನ್ನೊಂದು ಕೋಣೆ. ಐದು ಬೇರೆ ಬೇರೆ ಸಂಶೋಧನೆ. ಸುದ್ದಿ ಮುಂದಿನ ಕಟ್ಟಡ ತಲುಪಿದಾಗ ಊಟಕ್ಕೆ ಕುಳಿತವರು ಅರ್ಧದಲ್ಲೇ ಎದ್ದು ಬಂದರು. ಒಬ್ಬೊಬ್ಬರೂ ತಮ್ಮ ತಮ್ಮ ಕೋಣೆಗೆ ಯಂತ್ರ ಹಿಡಿದು ಓಡಿದರು. ವರ್ಷಗಟ್ಟಲೆಯ ಲೆಕ್ಕಾಚಾರ ಅವರ ಕಣ್ಣೆದುರೇ ಕುಸಿಯಿತು.

ಇಲಿಯಕ್ಕನಿಗೆ ಗೆದ್ದ ಖುಷಿ ಆಗಲಿಲ್ಲವೇ? ಅವರು ತಲೆ ಅಲ್ಲಾಡಿಸುತ್ತಾರೆ. "ಎರಡು ತಂಡ, ತೊಂಬತ್ತಾರು ಇಲಿ. ನಾನೇ ಹೊತ್ತು ಒಪ್ಪಿಸಿದ್ದು. ಅವು ಹೋಗಿದ್ದು ಯಾವುದೋ ಮನುಷ್ಯರ ಕಾಯಿಲೆಗೆ ಉಪಯೋಗ ಆಗುತ್ತೆ ಅಂದ್ಕೊಂಡು ಮನಸ್ಸು ಗಟ್ಟಿ ಮಾಡ್ಕೊಂಡಿದ್ದೆ. ಅದೂ ಸುಳ್ಳಾಯ್ತಲ್ಲ. ಕಣ್ಣು ಕೆಂಪು, ಕಣ್ಣು ಕೆಂಪು ಅಂತ ಬರೀತಾನೇ ಇದ್ದೆ. ಬರೆದೆನೇ ಹೊರತು ಜೋರಾಗಿ ಹೇಳಲಿಲ್ಲ. ಅದು ನನ್ನ ತಪ್ಪು."

ತಪ್ಪು ಯಾರದೆಂದು ಮೇಡಂಗೆ ಗೊತ್ತಿತ್ತು. ಹಾಳೆಯನ್ನು ಆಡಳಿತ ಒಂದೇ ಸಾಲಿನ ಪತ್ರದಲ್ಲಿ ಹಿಂಪಡೆಯಿತು. ಮೇಡಂ ಪತ್ರ ಬರೆಯಲಿಲ್ಲ. ಮರುದಿನ ಬೆಳಗಿನ ಆರು ಗಂಟೆಗೆ ತೊಳೆಯುವ ಕೋಣೆಗೆ ಬಂದು, ತೋಳು ಮಡಚಿ, ಇಲಿಯಕ್ಕನ ಪಕ್ಕ ನಿಂತು ಬಾಟಲಿ ತೊಳೆದರು.

"ಆ ಸಭೆಯಲ್ಲಿ ನಾನು ನಿಮ್ಮ ಮುಖ ನೋಡ್ಬೇಕಿತ್ತಕ್ಕಾ," ಎಂದರು ಕೊನೆಗೆ.

"ಹೋಗ್ಲಿ ಬಿಡಿ ಮೇಡಂ. ಆದ್ರೆ ನೀವು ಬಾಟಲಿ ಮುಟ್ಬೇಡಿ. ಆಗಲೇ ಮೂರು ಒಡೆದಿದ್ದೀರಿ."

ಅದೇ ಹೊತ್ತಿನಲ್ಲಿ ಇಲಿಯಕ್ಕ ತಮ್ಮ ಮನಸ್ಸಿನಲ್ಲಿ ಕೊರೆಯುತ್ತಿದ್ದುದನ್ನು ಕೇಳಿದರು. ಗಂಡ ಮಲಗಿದ್ದ ನಾಲ್ಕು ವರ್ಷ, ಬಸ್ಸಿನ ನಂಬರ್ ಮರೆತದ್ದು, ಒಲೆಯ ಮೇಲೆ ಪಾತ್ರೆ ಇಡದೆ ನಿಂತದ್ದು ಎಲ್ಲ ಹೇಳಿದರು. "ಇಲಿಗೆ ಹೀಗಾದ್ರೆ, ನನಗೂ ಅದೇ ಆಗಿತ್ತಾ ಮೇಡಂ?"

ಮೇಡಂ ನಲ್ಲಿ ನಿಲ್ಲಿಸಿದರು. "ಆಣೆ ಮಾಡಿ ಹೇಳೋಕಾಗಲ್ಲ. ಬದುಕಿರೋರ ತಲೆ ತೆಗೆದು ಅಳೆಯೋಕೂ ಆಗಲ್ಲ. ಆದ್ರೆ ಅಷ್ಟು ವರ್ಷದ ಒತ್ತಡ ನೆನಪನ್ನ ಹಿಂಡದೆ ಬಿಡಲ್ಲ. ನಿಮ್ಮ ಮರೆವು ನಿಮ್ಮ ತಪ್ಪಲ್ಲ."

ಆ ದಿನಗಳಲ್ಲಿ ಇಲಿಯಕ್ಕ ತಮ್ಮನ್ನು ತಾವೇ ಎಷ್ಟು ಬೈದುಕೊಂಡಿದ್ದರು! ದಡ್ಡಿ, ಹುಚ್ಚಿ, ಮನೆ ಹಾಳು ಮಾಡುವವಳು ಎಂದೆಲ್ಲ. ತಲೆಯೊಳಗೆ ಗೊಬ್ಬರ ಬತ್ತಿದೆ ಎಂದು ಆಗ ಯಾರಾದರೂ ಹೇಳಿದ್ದರೆ?

"ಬತ್ತಿದ್ದು ತಿರುಗಿ ಬರುತ್ತಾ?" ಎಂದು ಕೇಳಿದರು.

"ಅದನ್ನೇ ಈಗ ನೋಡೋಣ," ಎಂದರು ಮೇಡಂ.

ಹನ್ನೊಂದು ಡಬ್ಬಿಗಳೂ ಹೊರಬಿದ್ದವು. ಪ್ರಯೋಗ ಮೊದಲಿಂದ ಶುರುವಾಯಿತು, ಈ ಸಲ ಹೊಸ ಪ್ರಶ್ನೆಯೊಂದಿಗೆ. ಕೆಲವು ಇಲಿ ನಿಜವಾದ ಮೌನದಲ್ಲಿ. ಕೆಲವು ಬೇಕೆಂದೇ ಆ ಶಬ್ದದಲ್ಲಿ. ಇನ್ನು ಕೆಲವು ಶಬ್ದ ಅನುಭವಿಸಿ, ಆಮೇಲೆ ಆರು ವಾರ ಮೌನ, ಓಡಲು ಚಕ್ರ, ಜೊತೆಗೆ ಸಂಗಾತಿ. ಎಷ್ಟು ಇಲಿ ಸಾಕು ಎಂದು ನಿರ್ಧರಿಸುವ ಸಭೆಗೆ ಇಲಿಯಕ್ಕನನ್ನೂ ಕರೆದಿದ್ದರು. ಒಂದು ಕಡಿಮೆಯಾದರೂ ಸರಿ ಎಂದು ವಾದಿಸಿ, ಒಂದೊಂದು ಗುಂಪಿನಿಂದ ನಾಲ್ಕು ಕಡಿಮೆ ಮಾಡಿಸಿದರು.

ಫಲಿತಾಂಶ ಬಂದ ದಿನ ಮೇಡಂ ಹಜಾರದಲ್ಲಿ ಹೆಚ್ಚುಕಡಿಮೆ ಓಡುತ್ತಲೇ ಬಂದರು. ಕಿವಿಗೆ ಬೀಳದ ಆ ಶಬ್ದವೊಂದೇ ಪ್ರೋಟೀನನ್ನು ಕೆಳಗಿಳಿಸಿತ್ತು. ಆರು ವಾರ ನೆಮ್ಮದಿ ಸಿಕ್ಕ ಇಲಿಗಳಲ್ಲಿ ಅದು ಮತ್ತೆ ಮೇಲೇರಿತ್ತು. ಪೂರ್ತಿ ಅಲ್ಲ, ಎಲ್ಲದರಲ್ಲೂ ಅಲ್ಲ, ಆದರೆ ಏರಿತ್ತು. ಇದು ಒಂದು ಪ್ರಯೋಗಾಲಯದ ಫಲಿತಾಂಶ ಅಷ್ಟೆ, ಬೇರೆಯವರೂ ಪರೀಕ್ಷಿಸಬೇಕು ಎಂದು ಮೇಡಂ ಒತ್ತಿ ಹೇಳುತ್ತಾರೆ. ಇಲಿಯಕ್ಕನಿಗೆ ಅಷ್ಟೇ ಸಾಕಾಗಿತ್ತು. ಮನೆಗೆ ಹೋಗಿ ಅತ್ತೆಯ ಕಿವಿಗೆ ಬಾಯಿಟ್ಟು ಕೂಗಿ ಹೇಳಿದರಂತೆ: "ಗೊಬ್ಬರ ವಾಪಸ್ ಬರುತ್ತಂತೆ ಅತ್ತೆ!"

"ಬರ್ಲಿ ಬಿಡು. ಈ ಮನೆಯಲ್ಲಿ ಇಟ್ಕೊಳ್ಳೋಕೆ ಜಾಗ ಎಲ್ಲಿದೆ?" ಎಂದಿತು ಮುದಿಜೀವ.

ಸಂಶೋಧನಾ ಲೇಖನದ ಕೊನೆಯಲ್ಲಿ ಧನ್ಯವಾದ ಹೇಳುವ ಜಾಗದಲ್ಲಿ ಇಲಿಯಕ್ಕನ ಹೆಸರಿದೆ. ಅವರು ಅದನ್ನು ಇನ್ನೂ ನೋಡಿಲ್ಲ. ಏನಾದರೂ ಬೇಕೇ ಎಂದು ಸಂಸ್ಥೆ ಕೇಳಿದಾಗ ಅವರು ಕೇಳಿದ್ದು ಒಂದೇ: ಇಲಿಗಳ ಕೋಣೆಗೆ ಹೊಸದಾಗಿ ಏನು ತರುವುದಿದ್ದರೂ, ಬಲ್ಬಾಗಲಿ, ಫ್ಯಾನಾಗಲಿ, ಮೊಳೆಯಾಗಲಿ, ಮೊದಲು ತಮ್ಮನ್ನು ಕೇಳಬೇಕು. ಈಗ ಅದು ನಿಯಮ. ಅವರ ಸಹಿಯಿಲ್ಲದೆ ಬಾಗಿಲು ದಾಟಿ ಒಂದು ವಸ್ತುವೂ ಒಳಗೆ ಹೋಗುವಂತಿಲ್ಲ.

"ಸುಮ್ನೆ ಕಾಗದದ ಮೇಲಿನ ನಿಯಮ ಅಂದ್ಕೊಂಡಿದ್ದೆ," ಎನ್ನುತ್ತಾ ಅವರು ನೂರ ಎಂಬತ್ತನಾಲ್ಕನೇ ಬಾಟಲಿಯನ್ನು ಪಂಜರಕ್ಕೆ ಸಿಕ್ಕಿಸುತ್ತಾರೆ. "ಮೊನ್ನೆ ನಿರ್ದೇಶಕರೇ ಗೋಡೆಗೆ ಅಂತ ಒಂದು ಗಡಿಯಾರ ಕಳಿಸಿದ್ರು, ಚೆನ್ನಾಗಿತ್ತು. ಮೊದಲು ಅದರ ಸದ್ದು ಅಳೀರಿ, ಅಲ್ಲಿವರೆಗೆ ಒಳಗೆ ಬೇಡ ಅಂದೆ. ಮರುಮಾತಾಡ್ದೆ ವಾಪಸ್ ತರಿಸ್ಕೊಂಡ್ರು."